ಹಳೆಯ ಜೀಪಿಗೆ ಟರ್ಬೊ ಎಂಜಿನ್: ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ತೋಟದ ಮನೆಗಳಲ್ಲಿ ಹಳೆಯ ಮಹೀಂದ್ರ ಜೀಪು ಇನ್ನೂ ದುಡಿಯುತ್ತಿದೆ. ಗೊಬ್ಬರ, ಅಡಿಕೆ ಮೂಟೆ, ಬೆಟ್ಟದ ಸೊಪ್ಪು, ಮದುವೆಮನೆಯ ಪಾತ್ರೆ, ಎಲ್ಲವನ್ನೂ ಹೊತ್ತ ಗಾಡಿ ಅದು. ಅದರ ಚಾಸಿಗೆ ಏನೂ ಆಗಿರುವುದಿಲ್ಲ. ಭಾರ ಹೇರಿ ಏರು ಹತ್ತಿಸುವಾಗ ಮಾತ್ರ ಉಸಿರು ಸಾಲುವುದಿಲ್ಲ. ಎಂಎಂ 540 ಜೀಪಿನಲ್ಲಿದ್ದ ಪ್ಯೂಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್ ಕೊಡುತ್ತಿದ್ದದ್ದು 62 ಅಶ್ವಶಕ್ತಿ ಮತ್ತು ಸುಮಾರು 120 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). 2010ರಲ್ಲಿ ಬಂದ ಥಾರ್‌ನ 2498 ಸಿಸಿ ಟರ್ಬೊ ಡೀಸೆಲ್ (ಹೊರಹೋಗುವ ಹೊಗೆಯ ಬಲದಿಂದ ತಿರುಗುವ ಚಕ್ರ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಬಗೆ) 105 ಅಶ್ವಶಕ್ತಿ ಮತ್ತು 247 ನ್ಯೂಟನ್ ಮೀಟರ್ ಕೊಡುತ್ತದೆ. ಈ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಆಸೆ ಹುಟ್ಟದೆ ಇರುವುದಿಲ್ಲ.

ಆ ಆಸೆಯನ್ನು ಕೆಲಸಕ್ಕೆ ಇಳಿಸುವವರಿಗಾಗಿ ಈ ಬರಹ. ಎಂಜಿನ್ ಕೂರಿಸುವುದು ಈ ಕೆಲಸದ ಸಣ್ಣ ಪಾಲು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಟಾರ್ಕ್ ಎರಡು ಪಟ್ಟಾದರೆ ಅದನ್ನು ತಾಳಬೇಕಾದವು ಗೇರ್‌ಬಾಕ್ಸ್, ಹೌಸಿಂಗ್ (ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚ), ರೇಡಿಯೇಟರ್ ಮತ್ತು ಬ್ರೇಕು. ಕೈಯಲ್ಲಿರುವ ಹಣದ ಅರ್ಧಕ್ಕಿಂತ ಹೆಚ್ಚನ್ನು ಇವುಗಳಿಗೆ ಎತ್ತಿಡದೆ ಎಂಜಿನ್‌ಗೆ ಮುಂಗಡ ಕೊಡಬೇಡಿ.

ಮೊದಲ ಹೆಜ್ಜೆ ಆರ್‌ಟಿಒ ಕಚೇರಿಗೆ

ನಮ್ಮ ಜಿಲ್ಲೆಯ ಗಾಡಿಗಳ ಕಾಗದ ಪತ್ರ ಕಾರವಾರ (ಕೆಎ 30), ಶಿರಸಿ (ಕೆಎ 31), ಹೊನ್ನಾವರ (ಕೆಎ 47) ಮತ್ತು ದಾಂಡೇಲಿ (ಕೆಎ 65) ಕಚೇರಿಗಳಲ್ಲಿವೆ. ಸ್ಪ್ಯಾನರ್ ಹಿಡಿಯುವ ಮುಂಚೆ ನಿಮ್ಮ ಗಾಡಿಯ ಆರ್‌ಸಿ ಹಿಡಿದು ಅಲ್ಲಿಗೆ ಹೋಗಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ನಿಗದಿಪಡಿಸಿದ್ದಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಸೇರಿಸಿದ 182ಎ ಕಲಂ ಅನ್ವಯ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಸವೆದ ಎಂಜಿನ್ ತೆಗೆದು ಅದೇ ತಯಾರಕರ ಅದೇ ಬಗೆಯ ಎಂಜಿನ್ ಹಾಕಲು ದಾರಿಯಿದೆ: ಮೊದಲು ಒಪ್ಪಿಗೆ ಪಡೆಯಬೇಕು, ಕೆಲಸ ಮುಗಿದ ಹದಿನಾಲ್ಕು ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆಯನ್ನು ದಾಖಲಿಸಿಕೊಳ್ಳಬೇಕು.

ಹಾಗಾಗಿ ರಸ್ತೆಗಿಳಿಯುವ ಗಾಡಿಯ ವಿಷಯದಲ್ಲಿ ನನ್ನ ಸಲಹೆಗೆ ಎರಡು ಮುಖವಿಲ್ಲ. ನಿಮ್ಮ ಬೊಲೆರೊ ಅಥವಾ ಥಾರ್ ಟರ್ಬೊ ಎಂಜಿನ್‌ನೊಂದಿಗೇ ಬಂದಿದ್ದು ಈಗ ಅದು ಸವೆದಿದ್ದರೆ, ಅದೇ ಬಗೆಯ ಎಂಜಿನ್ ಹಾಕಿಸಿ. ಪ್ಯೂಜೊ ಎಂಜಿನ್ನಿನ ಜೀಪಿಗೆ ಸಿಆರ್‌ಡಿಇ (ಕಾಮನ್ ರೇಲ್ ಟರ್ಬೊ ಡೀಸೆಲ್) ಎಂಜಿನ್ ಹಾಕಿ ಕುಮಟಾ ಪೇಟೆಗೆ ಇಳಿಸುವ ಯೋಚನೆಯಿದ್ದರೆ ಅದನ್ನು ಬಿಟ್ಟುಬಿಡಿ; ಜೀಪು ಮಾರಿ ಟರ್ಬೊ ಇರುವ ಗಾಡಿಯನ್ನೇ ಕೊಳ್ಳಿ. ಅಂಥ ಬೆರಕೆ ಗಾಡಿಗೆ ಅಪಘಾತವಾದರೆ ವಿಮಾ ಕಂಪನಿ ಕೈ ಎತ್ತಲು ಕಾರಣ ಸಿಗುತ್ತದೆ, ಎದುರಿನ ಗಾಡಿಯವನ ಆಸ್ಪತ್ರೆ ಖರ್ಚು ನಿಮ್ಮ ತೋಟದ ಮೇಲೆ ಬೀಳುತ್ತದೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿ ನವೀಕರಣಕ್ಕೆ ಹೋದಾಗ ಚಾಸಿ ಸಂಖ್ಯೆಯ ಜೊತೆ ಎಂಜಿನ್ ಸಂಖ್ಯೆಯನ್ನೂ ನೋಡುತ್ತಾರೆ, ಅಲ್ಲಿ ಮುಚ್ಚಿಡಲು ಆಗುವುದಿಲ್ಲ.

ಉಳಿಯುವುದು ಬೇಲಿಯೊಳಗಿನ ಗಾಡಿ: ತೋಟದ ಒಳಗೇ ದುಡಿಯುವ ಜೀಪು, ಅಥವಾ ಲಾರಿಯ ಮೇಲೆ ಹೇರಿಕೊಂಡು ಹೋಗಿ ಸ್ಪರ್ಧೆಯ ಅಂಕಣದಲ್ಲಿ ಇಳಿಸುವ ಗಾಡಿ. ಬೇರೆ ಎಂಜಿನ್ ಕೂರಿಸುವ ಮುಂದಿನ ಹೆಜ್ಜೆಗಳು ಇವಕ್ಕೆ ಮಾತ್ರ. ಹಳೆಯ ನೋಂದಣಿಯನ್ನು ಏನು ಮಾಡಬೇಕೆಂದು ಕಚೇರಿಯಲ್ಲೇ ಕೇಳಿ ಬರೆಸಿಕೊಳ್ಳಿ. ಸಾರ್ವಜನಿಕರಿಗೆ ಓಡಾಡುವ ಹಕ್ಕಿರುವ ಯಾವ ದಾರಿಯೂ ಕಾಯ್ದೆಯ ದೃಷ್ಟಿಯಲ್ಲಿ ಸಾರ್ವಜನಿಕ ಸ್ಥಳ. ಡಾಂಬರು ಇಲ್ಲದ ಊರಿನ ಮಣ್ಣುರಸ್ತೆಯೂ ಅದರಲ್ಲಿ ಬರುತ್ತದೆ.

ಎಂಜಿನ್ ಆರಿಸುವಾಗ

ಟರ್ಬೊ ಡೀಸೆಲ್‌ನಲ್ಲಿ ಎರಡು ಜಾತಿ. ಒಂದರಲ್ಲಿ ಡೀಸೆಲ್ ಪಂಪು ಪೂರ್ತಿ ಯಾಂತ್ರಿಕ. ಇನ್ನೊಂದು ಕಾಮನ್ ರೇಲ್. ಅದರಲ್ಲಿ ಇಸಿಯು ಎಂಬ ಗಣಕಪೆಟ್ಟಿಗೆ ಹೇಳಿದಂತೆ ಇಂಜೆಕ್ಟರ್ ತೆರೆಯುತ್ತದೆ. ಕಾಮನ್ ರೇಲ್‌ನಲ್ಲಿ ಶಕ್ತಿ ಹೆಚ್ಚು, ಹೊಗೆ ಕಡಿಮೆ. ಆದರೂ ತೋಟದೊಳಗಿನ ಜೀಪಿಗೆ ನಾನು ಯಾಂತ್ರಿಕ ಪಂಪಿನ ಎಂಜಿನ್ನನ್ನೇ ಸೂಚಿಸುತ್ತೇನೆ. ಡೀಸೆಲ್ ಬಂದು ಸೆಲ್ಫ್ ತಿರುಗಿದರೆ ಅದು ನಡೆಯುತ್ತದೆ, ಊರಿನ ಮೆಕ್ಯಾನಿಕ್ ಅದನ್ನು ಬಿಚ್ಚಿ ನೋಡಬಲ್ಲ. ಮಳೆಗಾಲದಲ್ಲಿ ಸಂವೇದಕವೊಂದರ ತಂತಿ ತುಕ್ಕು ಹಿಡಿದರೆ ಹುಬ್ಬಳ್ಳಿಯಿಂದ ಸ್ಕ್ಯಾನರ್ ತರಿಸುವ ಪಾಡು ಇರುವುದಿಲ್ಲ.

ಕಾಮನ್ ರೇಲ್ ಎಂಜಿನ್ನೇ ಬೇಕೆಂದರೆ ಬರೀ ಎಂಜಿನ್ ಕೊಳ್ಳಬೇಡಿ. ಇಸಿಯು, ವೈರಿಂಗ್ ಪೂರ್ತಿ, ಕೀಲಿ ಮತ್ತು ಅದರ ಇಮ್ಮೊಬಿಲೈಸರ್ (ಬೇರೆ ಕೀಲಿಗೆ ಸ್ಟಾರ್ಟ್ ಆಗದಂತೆ ತಡೆಯುವ ಸಾಧನ), ಆಕ್ಸಿಲರೇಟರ್ ಪೆಡಲ್, ಗಾಳಿ ಅಳೆಯುವ ಸೆನ್ಸರ್, ಡೀಸೆಲ್ ಫಿಲ್ಟರ್, ಮೀಟರ್ ಬೋರ್ಡು, ಇವೆಲ್ಲ ಒಂದೇ ಗಾಡಿಯಿಂದ ಬರಬೇಕು. ಅಪಘಾತದಲ್ಲಿ ಹಿಂಬದಿ ಜಜ್ಜಿಹೋಗಿ ಎಂಜಿನ್ ಚೆನ್ನಾಗಿ ಉಳಿದ ಇಡೀ ಗಾಡಿ ಸಿಕ್ಕರೆ ಅದೇ ಕೊನೆಗೆ ಅಗ್ಗ. ಬಿಚ್ಚುವಾಗ ಪ್ರತಿ ಪೈಪು, ಪ್ರತಿ ಪ್ಲಗ್ಗಿನ ಫೋಟೊ ತೆಗೆದು ಚೀಟಿ ಕಟ್ಟಿ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಗುಜರಿಗಳಲ್ಲಿ ಎಂಜಿನ್ ಸಿಗುತ್ತದೆ. ಎಲ್ಲಿಂದ ತಂದರೂ ಬಿಲ್ಲು ಕೇಳಿ. ಎಂಜಿನ್ ಸಂಖ್ಯೆ, ಅದು ಬಂದ ಗಾಡಿಯ ಆರ್‌ಸಿಯ ಪ್ರತಿ, ಮಾರಿದವನ ಗುರುತಿನ ಪ್ರತಿ ಕೈಗೆ ಬಾರದೆ ಹಣ ಕೊಡಬೇಡಿ. ಸಂಖ್ಯೆ ಉಜ್ಜಿದಂತೆ ಕಂಡರೆ ಅಲ್ಲಿಂದ ಹೊರಡಿ. ಕಳವಾದ ಗಾಡಿಯ ಎಂಜಿನ್ ಮನೆಯಲ್ಲಿ ಸಿಕ್ಕರೆ ಉತ್ತರ ಕೊಡಬೇಕಾದವರು ನೀವು.

ಎಂಜಿನ್ ನೋಡುವ ಬಗೆ ಹೀಗೆ. ಸಾಧ್ಯವಾದರೆ ನಡೆಸಿ ತೋರಿಸಲು ಹೇಳಿ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ದಬದಬನೆ ಉಗುಳಿದರೆ ರಿಂಗು ಸವೆದಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಎಲ್ಲ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ಶೇಕಡಾ 10ಕ್ಕಿಂತ ಹೆಚ್ಚು ಅಂತರ ಬೇಡ. ಬಳಿಕ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ಟರ್ಬೊದ ಗಾಳಿಬಾಯಿಯ ಪೈಪು ಬಿಚ್ಚಿ ಒಳಗಿನ ರೆಕ್ಕೆಚಕ್ರದ ತಿರುಳನ್ನು ಬೆರಳಿನಿಂದ ಅಲ್ಲಾಡಿಸಿ. ಅಡ್ಡಡ್ಡಕ್ಕೆ ಸ್ವಲ್ಪ ಆಟ ಇರುವುದು ಸಹಜ. ಹಿಂದೆ ಮುಂದೆ ಕೈಗೆ ತಿಳಿಯುವಷ್ಟು ಆಡಿದರೆ ಅಥವಾ ರೆಕ್ಕೆಯ ಅಂಚು ಗೋಡೆಗೆ ತಗುಲಿದ ಗುರುತಿದ್ದರೆ ಟರ್ಬೊ ಹೊಸದಾಗಬೇಕು. ಪೂರ್ತಿ ಒತ್ತಡದಲ್ಲಿ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಚಕ್ರ ಅದು.

ಅಳತೆ

ಹಳೆಯ ಎಂಜಿನ್ ಕೆಳಗಿಳಿಸುವ ಮುಂಚೆ ಫ್ಯಾನಿಗೂ ರೇಡಿಯೇಟರಿಗೂ ಇರುವ ಅಂತರ, ಬಾನೆಟ್ ಎತ್ತರ, ಗೇರ್‌ಬಾಕ್ಸ್ ಇರುವ ಜಾಗ, ಸ್ಟಿಯರಿಂಗ್ ರಾಡು ಹಾದುಹೋಗುವ ಗೆರೆ, ಎಲ್ಲವನ್ನೂ ಬರೆದುಕೊಳ್ಳಿ. ಜೀಪಿನಲ್ಲಿ ಎಲ್ಲರನ್ನೂ ಕಾಡುವ ಜಾಗ ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್. ಫೋರ್‌ವೀಲ್ ಜೀಪಿನ ಮುಂದಿನ ಹೌಸಿಂಗ್ ಗಟ್ಟಿ ಆಕ್ಸಲ್ ಆದ್ದರಿಂದ ಗುಂಡಿಗೆ ಬಿದ್ದಾಗ ಅದು ಮೇಲಕ್ಕೆ ಏಳುತ್ತದೆ. ನಿಂತ ಗಾಡಿಯಲ್ಲಿ ಮೂರು ಬೆರಳು ಜಾಗ ಕಂಡರೂ ಭಾರ ಹೇರಿ ಕುಪ್ಪಳಿಸಿದಾಗ ಹೌಸಿಂಗ್ ಬಂದು ಚೇಂಬರಿಗೆ ಗುದ್ದುತ್ತದೆ. ಲೀಫ್ ಸ್ಪ್ರಿಂಗನ್ನು ಬಿಚ್ಚಿ, ಜಾಕ್ ಕೊಟ್ಟು ಹೌಸಿಂಗನ್ನು ರಬ್ಬರ್ ತಡೆಗೆ ತಾಗುವವರೆಗೆ ಎತ್ತಿ, ಆ ಸ್ಥಿತಿಯಲ್ಲಿ ಅಳೆಯಿರಿ. ಟರ್ಬೊ ಯಾವ ಬದಿಗಿದೆ ಎಂಬುದನ್ನೂ ನೋಡಿ. ಅದು ಸ್ಟಿಯರಿಂಗ್ ಬದಿಗಿದ್ದರೆ ಸೈಲೆನ್ಸರ್ ಪೈಪಿಗೆ ದಾರಿ ಹುಡುಕುವುದು ಕಷ್ಟ.

ಕೂರಿಸುವುದು

ಚೈನ್ ಬ್ಲಾಕಿಗೆ ಮನೆಯ ಅಟ್ಟದ ತೊಲೆ ಸಾಲದು. ಕಬ್ಬಿಣದ ಚೌಕಟ್ಟು ಇರುವ ಗ್ಯಾರೇಜಿನಲ್ಲೇ ಎತ್ತಿಸಿ, ತೂಗುವ ಎಂಜಿನ್ ಕೆಳಗೆ ಯಾರೂ ಕೈಯಿಡಬಾರದು.

ಎಂಜಿನ್ ಫೌಂಡೇಶನ್ ಎಂದು ಮೆಕ್ಯಾನಿಕರು ಕರೆಯುವ ರಬ್ಬರ್ ಆಧಾರಗಳನ್ನು ಎಂಜಿನ್ ಬಂದ ಗಾಡಿಯಿಂದಲೇ ತೆಗೆದುಕೊಳ್ಳಿ, ಅದಕ್ಕೆ ತಕ್ಕ ಬ್ರಾಕೆಟ್ಟನ್ನು ಮಾತ್ರ ಹೊಸದಾಗಿ ಮಾಡಿಸಿ. ಮೊದಲು ಅಲ್ಲಲ್ಲಿ ಬೊಟ್ಟು ವೆಲ್ಡಿಂಗ್ ಇಟ್ಟು, ಎಂಜಿನ್ ಕೂರಿಸಿ, ರೇಡಿಯೇಟರ್ ಹಾಕಿ, ಬಾನೆಟ್ ಮುಚ್ಚಿ, ಸ್ಟಿಯರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ಎಲ್ಲವೂ ಸರಿಯಿದ್ದರೆ ಎಂಜಿನ್ ಮತ್ತೆ ಇಳಿಸಿ ಪೂರ್ತಿ ವೆಲ್ಡಿಂಗ್ ಮಾಡಿಸಿ. ಚಾಸಿಗೆ ವೆಲ್ಡಿಂಗ್ ಕೊಡುವ ಹೊತ್ತಿನಲ್ಲಿ ಬ್ಯಾಟರಿ, ಡೈನಮೋ, ಇಸಿಯು ಮೂರರ ಸಂಪರ್ಕವನ್ನೂ ಬಿಚ್ಚಿರಬೇಕು.

ಗೇರ್‌ಬಾಕ್ಸಿನಿಂದ ಹಿಂದಿನ ಹೌಸಿಂಗಿಗೆ ತಿರುಗುವಿಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಯ ಕ್ರಾಸ್‌ಗಳ (ಬಾಗುವ ಕೀಲುಗಳ) ಕೋನ ಸಮನಾಗಿರಬೇಕು, ಅಂದರೆ ಗೇರ್‌ಬಾಕ್ಸಿನ ಗೆರೆಯೂ ಹಿಂದಿನ ಹೌಸಿಂಗಿನ ಪಿನಿಯನ್ (ಶಾಫ್ಟು ಸೇರುವ ಸಣ್ಣ ಹಲ್ಲುಚಕ್ರ) ಗೆರೆಯೂ ಸಮಾನಾಂತರವಾಗಿರಬೇಕು. ಇದು ತಪ್ಪಿದರೆ ಒಂದು ವೇಗದಲ್ಲಿ ಇಡೀ ಗಾಡಿ ನಡುಗುತ್ತದೆ, ಕ್ರಾಸ್ ಬೇಗ ಹೋಗುತ್ತದೆ. ಮೊಬೈಲಿನಲ್ಲಿರುವ ಕೋನಮಾಪಕದಿಂದಲೇ ಇದನ್ನು ಅಳೆಯಬಹುದು.

ಹೊಸ ಎಂಜಿನ್ ಭಾರವಾಗಿದ್ದರೆ ಮುಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಸೇರಿಸಿ.

ಗೇರ್‌ಬಾಕ್ಸ್ ಮತ್ತು ಹೌಸಿಂಗ್

ಎಂಜಿನ್ ಜೊತೆ ಅದರದ್ದೇ ಗೇರ್‌ಬಾಕ್ಸ್ ಮತ್ತು ಕ್ಲಚ್ ತಂದರೆ ಅರ್ಧ ತಲೆನೋವು ಕಳೆಯಿತು. ಹಳೆಯ ಗೇರ್‌ಬಾಕ್ಸನ್ನೇ ಉಳಿಸಿ ನಡುವೆ ಅಡಾಪ್ಟರ್ ಪ್ಲೇಟ್ ಹಾಕಿಸುವವರಿದ್ದಾರೆ. ಅದಕ್ಕೆ ನುರಿತ ಲೇತ್ ಕೆಲಸ ಬೇಕು: ಕ್ರ್ಯಾಂಕಿನ ನಡುಬಿಂದುವೂ ಗೇರ್‌ಬಾಕ್ಸ್ ಶಾಫ್ಟಿನ ನಡುಬಿಂದುವೂ ಕೂದಲಷ್ಟು ತಪ್ಪಿದರೂ ಕ್ಲಚ್ ಸೀಳುತ್ತದೆ, ಬೇರಿಂಗ್ ಕೂಗುತ್ತದೆ. 120 ನ್ಯೂಟನ್ ಮೀಟರಿಗೆಂದು ಮಾಡಿದ ಹಲ್ಲುಗಳಿಗೆ 247 ಕೊಟ್ಟಾಗ ಏನಾಗುತ್ತದೆ ಎಂಬುದನ್ನೂ ಯೋಚಿಸಿ. ಮೊದಲ ಗೇರಿನಲ್ಲಿ, ಲೋ ರೇಂಜಿನಲ್ಲಿ ಆ ಬಲ ಹಲವು ಪಟ್ಟು ಹೆಚ್ಚಿ ಹಿಂದಿನ ಆಕ್ಸಲ್ ಶಾಫ್ಟಿಗೆ ತಲುಪುತ್ತದೆ. ಕೆಸರಿನಲ್ಲಿ ಹೂತ ಗಾಡಿಯನ್ನು ಒಮ್ಮೆಲೇ ಕ್ಲಚ್ ಬಿಟ್ಟು ಎಬ್ಬಿಸುವವರ ಕೈಯಲ್ಲಿ ಮುರಿಯುವುದು ಅದೇ.

ಹೌಸಿಂಗಿನ ಕ್ರೌನ್ ಪಿನಿಯನ್ ಅನುಪಾತವನ್ನು, ಅಂದರೆ ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟು ಎಷ್ಟು ಸುತ್ತು ತಿರುಗಬೇಕು ಎಂಬುದನ್ನು, ಲೆಕ್ಕ ಹಾಕಿ ನೋಡಿ. ಚಕ್ರದ ಸುತ್ತಳತೆ 2.2 ಮೀಟರ್ ಎಂದುಕೊಳ್ಳೋಣ, ಟಾಪ್ ಗೇರು ಒಂದಕ್ಕೊಂದು. 5.38ರ ಅನುಪಾತವಿದ್ದರೆ ಎಂಜಿನ್ 3000 ಸುತ್ತು ತಿರುಗುವಾಗ ಗಾಡಿ ಗಂಟೆಗೆ ಸುಮಾರು 74 ಕಿಲೋಮೀಟರ್ ಓಡುತ್ತದೆ, 4.27 ಇದ್ದರೆ ಸುಮಾರು 93. ತೋಟದ ಏರು ಇಳಿಜಾರಿಗೆ ಹಳೆಯ 5.38 ಸಾಕು, ಹಣ ಉಳಿಯಿತು. ಸ್ಪರ್ಧೆಯ ಗಾಡಿಗೆ ಮಾತ್ರ ಬದಲಿಸುವ ಯೋಚನೆ ಮಾಡಿ.

ತಂಪು

ಹೆಚ್ಚಿನವರು ಸೋಲುವುದು ಇಲ್ಲಿ. ಡೀಸೆಲ್‌ನ ಶಾಖದಲ್ಲಿ ದೊಡ್ಡದೊಂದು ಪಾಲನ್ನು ರೇಡಿಯೇಟರ್ ಹೊರಹಾಕಬೇಕು. ಶಕ್ತಿ ಹೆಚ್ಚಿತೆಂದರೆ ಆ ಪಾಲೂ ಹೆಚ್ಚಿತು. ಹೆದ್ದಾರಿಯಲ್ಲಿ ಓಡುವಾಗ ಎದುರಿನ ಗಾಳಿ ನೆರವಿಗೆ ಬರುತ್ತದೆ. ಎರಡನೇ ಗೇರಿನಲ್ಲಿ ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಬೆವರುವುದು ಅತಿ ಹೆಚ್ಚು, ಗಾಳಿ ಬರುವುದು ಅತಿ ಕಡಿಮೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತುವ ಲಾರಿಗಳು ಬದಿಗೆ ನಿಂತಿರುವುದನ್ನು ನೋಡಿದವರಿಗೆ ಇದು ಗೊತ್ತು.

ಹಳೆಯ ಜೀಪಿನ ರೇಡಿಯೇಟರನ್ನು ಉಳಿಸಿಕೊಳ್ಳಬೇಡಿ. ಹೊಸ ಎಂಜಿನ್ ಬಂದ ಗಾಡಿಯ ರೇಡಿಯೇಟರ್ ಕೂರುವಂತೆ ಮುಂಭಾಗದ ಚೌಕಟ್ಟನ್ನು ಹೊಂದಿಸಿ. ಫ್ಯಾನಿನ ಸುತ್ತ ಬಳೆಯಾಕಾರದ ಮರೆ ಕಡ್ಡಾಯವಾಗಿ ಇರಲಿ, ಅದಿಲ್ಲದಿದ್ದರೆ ಫ್ಯಾನು ಅಲ್ಲಲ್ಲೇ ಸುತ್ತುವ ಬಿಸಿಗಾಳಿಯನ್ನೇ ಎಳೆಯುತ್ತದೆ. ಟರ್ಬೊ ಒತ್ತಿದ ಗಾಳಿ ಬಿಸಿಯಾಗಿರುವುದರಿಂದ ಅದನ್ನು ತಣಿಸುವ ಇಂಟರ್‌ಕೂಲರ್ ಬೇಕು. ಅದನ್ನು ರೇಡಿಯೇಟರಿನ ಮುಂದೆ ಇಟ್ಟರೆ ರೇಡಿಯೇಟರಿನ ಗಾಳಿಗೆ ಸ್ವಲ್ಪ ತಡೆಯಾಗುತ್ತದೆ, ಆದರೂ ಬಾನೆಟ್ ಕೆಳಗಿನ ಬಿಸಿಯಲ್ಲಿ ಇಡುವುದಕ್ಕಿಂತ ಅದು ಒಳ್ಳೆಯದು. ಎರಡರ ನಡುವೆ ಎಲೆ, ಹುಲ್ಲುಬೀಜ ಸೇರಿಕೊಳ್ಳುತ್ತವೆ, ಬಿಚ್ಚಿ ತೊಳೆಯಲು ಆಗುವಂತೆ ಕೂರಿಸಿ.

ಕಾರವಾರ, ಅಂಕೋಲಾ, ಹೊನ್ನಾವರ ಕಡೆ ಸಮುದ್ರದ ಉಪ್ಪುಗಾಳಿ ಅಲ್ಯೂಮಿನಿಯಂ ಪದರಗಳನ್ನು ಪುಡಿ ಮಾಡುತ್ತದೆ. ಆಗಾಗ ಸಿಹಿನೀರಿನಿಂದ, ಒತ್ತಡ ಕಡಿಮೆ ಇಟ್ಟು ತೊಳೆಯಿರಿ. ರೇಡಿಯೇಟರ್ ಒಳಗೆ ಬಾವಿ ನೀರು ಬೇಡ. ಕೂಲೆಂಟ್ ಮತ್ತು ಖನಿಜ ತೆಗೆದ ನೀರನ್ನು ಅರ್ಧಕ್ಕರ್ಧ ಬೆರೆಸಿ ಹಾಕಿ.

ಟರ್ಬೊಗೆ ಆಯಿಲ್

ಟರ್ಬೊ ಸಾಯುವುದು ಹೆಚ್ಚಾಗಿ ಆಯಿಲ್ ಸಿಗದೆ. ಒಳಗೆ ಹೋಗುವ ಪೈಪು ಸಣ್ಣದು, ಒತ್ತಡದ್ದು. ಹೊರಬರುವ ಪೈಪು ದಪ್ಪವಾಗಿರಬೇಕು, ಎಲ್ಲಿಯೂ ಮೇಲಕ್ಕೆ ಏರದೆ ನೇರ ಕೆಳಮುಖವಾಗಿ, ಚೇಂಬರಿನ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಜಾಗ ಸಾಲದೆಂದು ಅದನ್ನು ಬಾಗಿಸಿದರೆ ಆಯಿಲ್ ಒಳಗೇ ನಿಂತು ಸೀಲು ದಾಟಿ ಗಾಳಿಯೊಂದಿಗೆ ಎಂಜಿನ್ ಒಳಕ್ಕೆ ಹೋಗುತ್ತದೆ.

ಏರು ಹತ್ತಿದ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಬಾರದು. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ಹರಿಯುವುದು ನಿಂತರೆ ಅದು ಅಲ್ಲೇ ಕರಕಲಾಗಿ ಬೇರಿಂಗಿಗೆ ಅಂಟುತ್ತದೆ. ಕಾರ್ಖಾನೆಯಿಂದಲೇ ಟರ್ಬೊ ಇರುವ ಗಾಡಿಯಲ್ಲಿ ಕುಮಟಾದಿಂದ ಶಿರಸಿಗೆ ಬರುವವರೂ ದೇವಿಮನೆ ಘಟ್ಟ ಹತ್ತಿ ನಿಂತಾಗ ಒಂದೆರಡು ನಿಮಿಷ ಎಂಜಿನ್ ಸುಮ್ಮನೆ ನಡೆಯಲು ಬಿಡಿ.

ಗಾಳಿ, ಡೀಸೆಲ್, ಮಳೆ

ಚಿರೇಕಲ್ಲಿನ ಕೆಂಪುಧೂಳು ಟರ್ಬೊದ ರೆಕ್ಕೆಯನ್ನು ಅರದಂತೆ ಸವೆಸುತ್ತದೆ. ಏರ್ ಫಿಲ್ಟರ್ ದೊಡ್ಡದಿರಲಿ, ಅದರಿಂದ ಟರ್ಬೊವರೆಗಿನ ಪ್ರತಿ ಜೋಡಣೆಯೂ ಬಿಗಿಯಾಗಿರಲಿ. ಟರ್ಬೊ ದಾಟಿದ ಮೇಲಿನ ಹೋಸ್‌ಗಳಿಗೆ ಗಟ್ಟಿ ಕ್ಲಾಂಪ್ ಹಾಕಿ, ಸಾಬೂನು ನೀರು ಸವರಿ ಸೋರಿಕೆ ನೋಡಿ. ಮಳೆಗಾಲದಲ್ಲಿ ಹಳ್ಳ ದಾಟುವ ಗಾಡಿಯಾದರೆ ಗಾಳಿ ಎಳೆಯುವ ಬಾಯಿ ಬಾನೆಟ್‌ಗಿಂತ ಮೇಲಿರಬೇಕು. ನೀರು ಸಿಲಿಂಡರಿಗೆ ಹೋದರೆ ಅದನ್ನು ಒತ್ತಿ ಕುಗ್ಗಿಸಲು ಆಗದೆ ಕನೆಕ್ಟಿಂಗ್ ರಾಡೇ ಬಾಗುತ್ತದೆ.

ಡೀಸೆಲ್ ದಾರಿಯಲ್ಲಿ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಕೆಳಗಿನ ತಿರುಪನ್ನು ಪದೇಪದೇ ಬಿಚ್ಚಿ ನೀರು ಬಸಿಯಿರಿ. ಟ್ಯಾಂಕಿಗೆ ಹಿಂದಿರುಗುವ ಪೈಪನ್ನು ಮರೆಯಬೇಡಿ. ಕಾಮನ್ ರೇಲ್ ಎಂಜಿನ್ ನಡೆಯುತ್ತಿರುವಾಗ ಸೋರಿಕೆಯನ್ನು ಬೆರಳಿಟ್ಟು ಹುಡುಕುವುದು ಅಪಾಯಕರ. ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಹಾಗಾದರೆ ಗಾಯ ಸಣ್ಣದೆಂದು ಕಾಯದೆ ಆಗಲೇ ಆಸ್ಪತ್ರೆಗೆ ಓಡಬೇಕು. ರಟ್ಟಿನ ತುಂಡು ಹಿಡಿದು ನೋಡಿ.

ವೈರಿಂಗ್ ಬಗ್ಗೆ ಎರಡೇ ಮಾತು. ಎಂಜಿನ್‌ನಿಂದ ಚಾಸಿಗೆ, ಚಾಸಿಯಿಂದ ಬ್ಯಾಟರಿಗೆ ದಪ್ಪ ಅರ್ತ್ ಪಟ್ಟಿ ಹೊಸದಾಗಿ ಹಾಕಿ, ಕಚ್ಚುವ ಜಾಗದ ಬಣ್ಣ ಕೆರೆದು, ಬಿಗಿದ ಮೇಲೆ ಗ್ರೀಸ್ ಹಚ್ಚಿ. ಇಸಿಯು ಇದ್ದರೆ ಅದು ಚಾಲಕನ ಕೋಣೆಯೊಳಗೆ, ನೀರು ತಾಗದ ಎತ್ತರದಲ್ಲಿರಲಿ.

ಬ್ರೇಕು

ಇದನ್ನು ಮುಗಿಸದೆ ಎಂಜಿನ್ ಸ್ಟಾರ್ಟ್ ಮಾಡಬಾರದು ಎಂಬುದು ನನ್ನ ಹಟ. ಹೊಸ ಎಂಜಿನ್ ಕೂತ ಸಂಭ್ರಮದಲ್ಲಿ ಒಂದು ಸುತ್ತು ಹೊಡೆದು ಬರೋಣವೆಂದು ಹೊರಡುವವರೇ ಹೆಚ್ಚು.

ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಹಳೆಯ ಜೀಪಿನ ಬ್ರೇಕು ಹಳೆಯ ವೇಗಕ್ಕೆ ಮಾಡಿದ್ದು. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ, ಮಾಸ್ಟರ್ ಸಿಲಿಂಡರ್ ಅದಕ್ಕೆ ಹೊಂದುವಂತಿರಲಿ, ತುಕ್ಕು ಹಿಡಿದ ಬ್ರೇಕ್ ಪೈಪುಗಳನ್ನೆಲ್ಲ ಬದಲಿಸಿ. ಪೆಡಲ್ ಒತ್ತುವ ಬಲವನ್ನು ಹೆಚ್ಚಿಸುವ ಬೂಸ್ಟರಿಗೆ ನಿರ್ವಾತ ಬೇಕು. ಪೆಟ್ರೋಲ್ ಎಂಜಿನ್ ಅದನ್ನು ತನ್ನ ಗಾಳಿನಾಳದಿಂದಲೇ ಕೊಡುತ್ತದೆ, ಡೀಸೆಲ್ ಎಂಜಿನ್ ಕೊಡುವುದಿಲ್ಲ. ಡೈನಮೋ ಹಿಂದೆ ಅಥವಾ ಎಂಜಿನ್ ಬದಿಗೆ ಇರುವ ವ್ಯಾಕ್ಯೂಮ್ ಪಂಪು ಗಟ್ಟಿಯಿದೆಯೇ ನೋಡಿ. ಪೆಟ್ರೋಲ್ ಗಾಡಿಗೆ ಡೀಸೆಲ್ ಟರ್ಬೊ ಹಾಕುವವರು ಇದನ್ನು ಮರೆತರೆ ಪೆಡಲ್ ಕಲ್ಲಿನಂತಾಗುತ್ತದೆ. ಸೈಲೆನ್ಸರ್ ಪೈಪು ಬ್ರೇಕ್ ಪೈಪಿನ ಹತ್ತಿರ ಹಾದರೆ ನಡುವೆ ತಗಡಿನ ಮರೆ ಕೊಡಿ.

ಮೊದಲ ಸ್ಟಾರ್ಟ್

ಡೀಸೆಲ್ ಬಂದ್ ಮಾಡಿ, ಟರ್ಬೊದಿಂದ ಹೊರಬರುವ ಆಯಿಲ್ ಪೈಪನ್ನು ಬಿಚ್ಚಿ ಕೆಳಗೆ ಪಾತ್ರೆ ಇಟ್ಟು, ಆಯಿಲ್ ಕಾಣುವವರೆಗೆ ಬಿಟ್ಟುಬಿಟ್ಟು ಸೆಲ್ಫ್ ಹೊಡೆಯಿರಿ. ಬಳಿಕ ಪೈಪು ಜೋಡಿಸಿ, ಡೀಸೆಲ್ ತೆರೆದು ಸ್ಟಾರ್ಟ್ ಮಾಡಿ.

ಏರ್ ಫಿಲ್ಟರ್ ಪೈಪಿನ ಬಾಯಿಗಿಂತ ಅಗಲವಾದ ಗಟ್ಟಿ ಹಲಗೆಯೊಂದನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಬೇಕು. ಟರ್ಬೊ ಸೀಲು ಕೆಟ್ಟಿದ್ದರೆ ಎಂಜಿನ್ ತನ್ನದೇ ಆಯಿಲ್ ಕುಡಿದು ಕೀಲಿ ತೆಗೆದರೂ ನಿಲ್ಲದೆ ಏರುತ್ತಾ ಹೋಗುತ್ತದೆ. ಆಗ ಗಾಳಿಯ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು, ಬರಿಗೈ ಒಡ್ಡಬಾರದು.

ಎಂಜಿನ್ ಬಿಸಿಯಾಗುವವರೆಗೆ ಸೋರಿಕೆ, ಆಯಿಲ್ ಒತ್ತಡ, ಡೈನಮೋ ಚಾರ್ಜ್ ನೋಡಿ. ಟರ್ಬೊ ಒತ್ತಡದ ಮೀಟರೂ ಹೊಗೆಯ ಬಿಸಿ ತೋರಿಸುವ ಮೀಟರೂ ಹಾಕಿಸಿಕೊಳ್ಳಿ. ಏರಿನಲ್ಲಿ ಟರ್ಬೊಗೆ ಹೋಗುವ ಹೊಗೆ 700 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತರೆ ಆಕ್ಸಿಲರೇಟರ್ ಸಡಿಲಿಸಿ ಗೇರು ಇಳಿಸಿ. ಡೀಸೆಲ್ ಪಂಪಿನ ತಿರುಪು ತಿರುಗಿಸಿ ಇನ್ನಷ್ಟು ಎಳೆತ ಬರಿಸುತ್ತೇನೆ ಎನ್ನುವವರ ಮಾತನ್ನು ಕೇಳಬೇಡಿ. ಕಪ್ಪು ಹೊಗೆಯ ಜೊತೆ ಹೋಗುವುದು ನಿಮ್ಮ ಡೀಸೆಲ್, ಕರಗುವುದು ಪಿಸ್ಟನ್ನು.

ಮೊದಲ ವಾರ ಖಾಲಿ ಗಾಡಿಯನ್ನು ಸಮತಟ್ಟು ಜಾಗದಲ್ಲಿ ಓಡಿಸಿ, ದಿನವೂ ಆಯಿಲ್ ಮತ್ತು ಕೂಲೆಂಟ್ ಮಟ್ಟ ನೋಡಿ. ಬಳಿಕ ಫೌಂಡೇಶನ್ ಬೋಲ್ಟ್, ಪ್ರೊಪೆಲ್ಲರ್ ಬೋಲ್ಟ್, ಹೋಸ್ ಕ್ಲಾಂಪ್ ಎಲ್ಲವನ್ನೂ ಮತ್ತೊಮ್ಮೆ ಬಿಗಿದು, ವೆಲ್ಡಿಂಗ್ ಜಾಗದಲ್ಲಿ ಬಿರುಕು ಇದೆಯೇ ಎಂದು ಟಾರ್ಚ್ ಹಾಕಿ ನೋಡಿ, ಬರಿಯ ಕಬ್ಬಿಣಕ್ಕೆ ಜಿಂಕ್ ಪ್ರೈಮರ್ ಬಳಿಯಿರಿ. ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೆ ಅರ್ಧ ಭಾರ ಹೇರಿ ಏರು ಹತ್ತಿಸಬಹುದು.